ಆಜ್ಞೆ ಯಾರದು? ನ್ಯಾಟೊ ಕೂಟ ಮತ್ತು ಯುರೋಪಿನ ಏಕತೆ



ಯುರೋಪಿನ ಸೇನಾ ಕೂಟಗಳ ಮಾತನ್ನು ಕಾರವಾರದಲ್ಲಿ ಎತ್ತಿಕೊಳ್ಳಲು ಕಾರಣ ಹುಡುಕಬೇಕಾಗಿಲ್ಲ. ಬಿಣಗಾದ ಎದುರಿಗಿರುವ ಅಂಜುದೀವ ದ್ವೀಪ 1961ರ ಡಿಸೆಂಬರ್‌ವರೆಗೂ ಪೋರ್ಚುಗಲ್ಲಿನ ವಶದಲ್ಲಿತ್ತು. 1949ರ ಏಪ್ರಿಲ್ 4ರಂದು ವಾಷಿಂಗ್ಟನ್ನಿನಲ್ಲಿ ನ್ಯಾಟೊ ಒಪ್ಪಂದಕ್ಕೆ ಸಹಿ ಹಾಕಿದ ಹನ್ನೆರಡು ದೇಶಗಳಲ್ಲಿ ಪೋರ್ಚುಗಲ್ಲೂ ಒಂದು. ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್ ಹಡಗುಗಳಿಂದ ಇಳಿದ ನಮ್ಮ ನಾವಿಕರು ಡಿಸೆಂಬರ್ 18ರಂದು ಆ ದ್ವೀಪದ ಮೇಲೆ ಏರಿ ಹೋದರು. ಆ ಕಾರ್ಯಾಚರಣೆಯಲ್ಲಿ ಏಳು ಮಂದಿ ನಾವಿಕರು ಪ್ರಾಣ ಕೊಟ್ಟರು. ಮರುದಿನ ಗೋವಾ ಶರಣಾಯಿತು. ನ್ಯಾಟೊ ದೇಶವೊಂದರ ಬಾವುಟ ಇಳಿಯಿತು, ನ್ಯಾಟೊ ಮಾತ್ರ ಕದಲಲಿಲ್ಲ.

ಹಾಗಾಗದಂತೆ ನೋಡಿಕೊಳ್ಳಲು ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಾಜಾರ್ ಹತ್ತು ವರ್ಷ ಹೆಣಗಿದ್ದ. 1951ರಲ್ಲಿ ಸಂವಿಧಾನ ತಿದ್ದಿ ವಸಾಹತುಗಳನ್ನೆಲ್ಲ 'ಸಾಗರದಾಚೆಯ ಪ್ರಾಂತ್ಯಗಳು' ಎಂದು ಕರೆದ. 1955ರ ಡಿಸೆಂಬರಿನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಫಾಸ್ಟರ್ ಡಲೆಸ್, ಪೋರ್ಚುಗಲ್ಲಿನ ವಿದೇಶಾಂಗ ಸಚಿವರ ಜೊತೆ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ ಆ 'ಪ್ರಾಂತ್ಯ' ಎಂಬ ಪದವೇ ನುಸುಳಿ, ನಮ್ಮ ದೇಶದಲ್ಲಿ ದೊಡ್ಡ ಆಕ್ರೋಶ ಎದ್ದಿತು. ಆದರೆ ಒಪ್ಪಂದದ 6ನೇ ವಿಧಿ ನ್ಯಾಟೊ ಕಾಯುವ ನೆಲ ಯಾವುದೆಂದು ಮೊದಲೇ ಗೆರೆ ಎಳೆದಿತ್ತು. ಯುರೋಪ್, ಉತ್ತರ ಅಮೆರಿಕ, ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವ ಅಟ್ಲಾಂಟಿಕ್ ದ್ವೀಪಗಳು ಆ ಗೆರೆಯೊಳಗೆ ಬಂದವು. ಫ್ರಾನ್ಸ್ ಹಟ ಹಿಡಿದದ್ದರಿಂದ ಅಲ್ಜೀರಿಯ ಕೂಡ ಸೇರಿತು. ಗೋವಾ ಸೇರಲಿಲ್ಲ. 1961ರಲ್ಲಿ ಪೋರ್ಚುಗಲ್ ತನ್ನ ಪುರಾತನ ಮಿತ್ರ ಬ್ರಿಟನ್ನಿನ ವಿಮಾನ ನೆಲೆಗಳನ್ನು ಕೇಳಿತು, ಅದೂ ಸಿಗಲಿಲ್ಲ. ಭದ್ರತಾ ಮಂಡಳಿಯಲ್ಲಿ ಪಾಶ್ಚಾತ್ಯ ದೇಶಗಳು ಒಂದು ನಿರ್ಣಯ ಮಂಡಿಸಿದವು, ಸೋವಿಯತ್ ವಿಟೊ ಅದನ್ನು ಮುಗಿಸಿತು.

ಗೋವಾದ ಬಿಡುಗಡೆಯ ಕಥೆ ಹೇಳುವುದು ನನ್ನ ಇಂದಿನ ಕೆಲಸವಲ್ಲ. ಒಂದು ಸೇನಾ ಕೂಟ ಯಾವಾಗ ಎದ್ದು ನಿಲ್ಲುತ್ತದೆ, ಯಾವಾಗ ಕುಳಿತೇ ಇರುತ್ತದೆ ಎಂಬುದನ್ನು ವಿಚಾರಿಸಲು ಈ ಊರಿನವರಿಗೆ ಬೇರೆ ಊರಿನವರಿಗಿಲ್ಲದ ಹಕ್ಕಿದೆ ಎಂದಷ್ಟೇ ಹೇಳುತ್ತಿದ್ದೇನೆ.

ನ್ಯಾಟೊ ಎಂದರೆ 5ನೇ ವಿಧಿ ಎಂದು ಎಲ್ಲರೂ ಹೇಳುತ್ತಾರೆ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎಂಬುದು ಅದರ ಮೊದಲರ್ಧ. ದ್ವಿತೀಯಾರ್ಧವನ್ನು ಓದುವವರು ಕಡಿಮೆ. ದಾಳಿಯಾದಾಗ ಪ್ರತಿಯೊಂದು ದೇಶವೂ ತನಗೆ 'ಅಗತ್ಯವೆಂದು ತೋರಿದ' ಕ್ರಮ ಕೈಗೊಳ್ಳುತ್ತದೆ ಎಂಬುದು ಅಲ್ಲಿನ ಮಾತು. ಸೇನಾಬಲದ ಬಳಕೆ ಆ ಕ್ರಮಗಳಲ್ಲಿ ಒಂದಾಗಿರಬಹುದು, ಅಷ್ಟೆ. ಸೈನ್ಯವನ್ನೇ ಕಳಿಸಬೇಕೆಂದು ಎಲ್ಲೂ ಬರೆದಿಲ್ಲ. ಯುದ್ಧ ಸಾರುವ ತನ್ನ ಅಧಿಕಾರವನ್ನು ಪರದೇಶಗಳ ಕೈಗೆ ಕೊಡಲು ಅಮೆರಿಕದ ಸೆನೆಟ್ ಒಪ್ಪುತ್ತಿರಲಿಲ್ಲವಾದ್ದರಿಂದ ವಾಕ್ಯವನ್ನು ಹೀಗೆ ಸಡಿಲವಾಗಿ ಹೆಣೆಯಲಾಯಿತು. ಅದಕ್ಕೂ ಒಂದು ವರ್ಷ ಮೊದಲು, 1948ರ ಮಾರ್ಚಿನಲ್ಲಿ, ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಸೇರಿ ಬ್ರಸೆಲ್ಸಿನಲ್ಲಿ ಮಾಡಿಕೊಂಡ ಒಪ್ಪಂದದ ಭಾಷೆ ಹೆಚ್ಚು ಬಿಗಿಯಾಗಿತ್ತು. ತಮ್ಮ ಶಕ್ತಿಯಲ್ಲಿರುವ ಎಲ್ಲ ಸೇನಾ ನೆರವನ್ನೂ ಕೊಡುತ್ತೇವೆಂದು ಐದೂ ದೇಶಗಳು ಬರೆದುಕೊಟ್ಟಿದ್ದವು. ಆ ಬಿಗಿಯಾದ ಒಪ್ಪಂದ ಈಗ ಚರಿತ್ರೆಯ ಪುಸ್ತಕಗಳಲ್ಲಿದೆ. ಸಡಿಲ ವಾಕ್ಯದ ನ್ಯಾಟೊ ಎಪ್ಪತ್ತೈದು ವರ್ಷ ದಾಟಿದೆ.

ಈ ವ್ಯತ್ಯಾಸಕ್ಕೆ ಕಾರಣ ಕಾಗದದ ಹೊರಗಿದೆ. 1950ರ ಜೂನ್‌ನಲ್ಲಿ ಕೊರಿಯ ಯುದ್ಧ ಶುರುವಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಐಸೆನ್‌ಹೋವರ್ ಯುರೋಪಿನಲ್ಲಿ ನ್ಯಾಟೊದ ಮೊದಲ ಸರ್ವೋಚ್ಚ ದಂಡನಾಯಕನಾಗಿ ನೇಮಕಗೊಂಡ. ಯುದ್ಧವಿಲ್ಲದ ಕಾಲದಲ್ಲೇ ಹಲವು ದೇಶಗಳ ಪಡೆಗಳಿಗೆ ಒಂದೇ ಕಚೇರಿ, ಒಂದೇ ಯೋಜನೆ, ಒಬ್ಬನೇ ದಂಡನಾಯಕ ಎಂಬುದು ಹೊಸ ಸಂಗತಿ. ಅಮೆರಿಕದ ಸೈನಿಕರು ಜರ್ಮನಿಯ ನೆಲದಲ್ಲಿ ಹೆಂಡತಿ ಮಕ್ಕಳೊಡನೆ ಬೀಡುಬಿಟ್ಟರು. ಅವರ ಮೇಲೆ ಗುಂಡು ಹಾರಿಸದೆ ಯಾರೂ ಪಶ್ಚಿಮಕ್ಕೆ ನುಗ್ಗುವಂತಿರಲಿಲ್ಲ. 5ನೇ ವಿಧಿಯ ಸಡಿಲ ವಾಕ್ಯವನ್ನು ಗಟ್ಟಿ ಮಾಡಿದ್ದು ಈ ಏರ್ಪಾಟು. ಅಂದಿನಿಂದ ಇಂದಿನವರೆಗೆ ಆ ಹುದ್ದೆಯಲ್ಲಿ ಕುಳಿತವರೆಲ್ಲ ಅಮೆರಿಕನ್ನರೇ. ಇದು ಶಾಶ್ವತವಾಗಲೆಂದು ಐಸೆನ್‌ಹೋವರ್ ಬಯಸಿದವನಲ್ಲ. ಹತ್ತು ವರ್ಷಗಳೊಳಗೆ ಅಮೆರಿಕದ ಪಡೆಗಳೆಲ್ಲ ಮನೆಗೆ ಮರಳದಿದ್ದರೆ ಇಡೀ ಯೋಜನೆಯೇ ಸೋತಂತೆ ಎಂದು 1951ರ ಆರಂಭದಲ್ಲಿ ಅವನು ಗೆಳೆಯನೊಬ್ಬನಿಗೆ ಪತ್ರ ಬರೆದಿದ್ದ. ಯುರೋಪ್ ತನ್ನ ಕಾಲ ಮೇಲೆ ತಾನು ನಿಲ್ಲಬೇಕೆಂಬುದು ಅವನ ಲೆಕ್ಕ.

ನಿಲ್ಲಲು ಒಂದು ಪ್ರಯತ್ನವೂ ಆಯಿತು. ಇಂದಿನ ಮಾತಿನ ಬಹುಭಾಗವನ್ನು ಆ ಪ್ರಯತ್ನಕ್ಕೆ ಮೀಸಲಿಡುವ ಮನಸ್ಸಾಗುತ್ತದೆ, ಏಕೆಂದರೆ ಇವತ್ತು ಯುರೋಪಿನ ರಾಜಧಾನಿಗಳಲ್ಲಿ ನಡೆಯುವ ಚರ್ಚೆಯೆಲ್ಲ ಅಲ್ಲಿ ಆಗಲೇ ನಡೆದುಹೋಗಿದೆ. ಕೊರಿಯದ ಯುದ್ಧ ಕಂಡು ಹೆದರಿದ ಅಮೆರಿಕ, ಪಶ್ಚಿಮ ಜರ್ಮನಿಗೂ ಸೈನ್ಯ ಬೇಕೆಂದು ಪಟ್ಟು ಹಿಡಿಯಿತು. ಮಹಾಯುದ್ಧ ಮುಗಿದು ಐದೇ ವರ್ಷ, ಪ್ಯಾರಿಸ್ಸಿನ ಬೀದಿಗಳಲ್ಲಿ ಜರ್ಮನ್ ಬೂಟಿನ ಸದ್ದು ಇನ್ನೂ ಎಲ್ಲರ ಕಿವಿಯಲ್ಲಿತ್ತು. ಆಗ ಫ್ರೆಂಚ್ ಯೋಜಕ ಜಾನ್ ಮೊನೆಯ ಆಲೋಚನೆಯನ್ನು ಫ್ರಾನ್ಸಿನ ಪ್ರಧಾನಿ ರೆನೆ ಪ್ಲೆವೆನ್ 1950ರ ಅಕ್ಟೋಬರ್ 24ರಂದು ಸಂಸತ್ತಿನ ಮುಂದಿಟ್ಟರು. ಜರ್ಮನಿಗೆ ಪ್ರತ್ಯೇಕ ಸೈನ್ಯ ಬೇಡ, ಯುರೋಪಿಗೆ ಒಂದು ಸೈನ್ಯವಿರಲಿ, ಜರ್ಮನ್ ಯುವಕರು ಅದರೊಳಗೆ ಬರಲಿ ಎಂಬುದು ಅದರ ಸಾರ. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ 1952ರ ಮೇ 27ರಂದು ಯುರೋಪಿಯನ್ ರಕ್ಷಣಾ ಸಮುದಾಯದ ಒಪ್ಪಂದಕ್ಕೆ ಸಹಿ ಹಾಕಿದವು. ಒಂದೇ ಸಮವಸ್ತ್ರ, ಒಂದೇ ಬಜೆಟ್, ಆಡಳಿತಕ್ಕೆ ಒಂಬತ್ತು ಜನರ ಮಂಡಳಿ. ಮುಂದೆ ಇದಕ್ಕೊಂದು ಚುನಾಯಿತ ರಾಜಕೀಯ ಛಾವಣಿ ಹೊದಿಸಬೇಕೆಂದೂ ಒಪ್ಪಂದದಲ್ಲೇ ಬರೆದಿದ್ದರು.

ಪಶ್ಚಿಮ ಜರ್ಮನಿ ಮತ್ತು ಮೂರು ಸಣ್ಣ ದೇಶಗಳ ಸಂಸತ್ತುಗಳು ಒಪ್ಪಿಗೆ ಕೊಟ್ಟವು. ಇಟಲಿ ಕಾಯುತ್ತ ಕೂತಿತು. ಅದನ್ನು ಕಲ್ಪಿಸಿದ ಫ್ರಾನ್ಸೇ ತಡಮಾಡಿತು. ಬ್ರಿಟನ್ ಒಳಗೆ ಬರಲಿಲ್ಲ, ಸ್ಟಾಲಿನ್ ಸತ್ತ ಮೇಲೆ ಭಯ ಇಳಿಯಿತು, 1954ರ ಮೇ ತಿಂಗಳಲ್ಲಿ ವಿಯೆಟ್ನಾಮಿನ ಡಿಯೆನ್ ಬಿಯೆನ್ ಫು ಕೋಟೆ ಬಿದ್ದು ಫ್ರೆಂಚ್ ಸೈನ್ಯದ ಮಾನ ಹರಾಜಾಯಿತು. ಅಂಥ ಹೊತ್ತಿನಲ್ಲಿ ಆ ಸೈನ್ಯದ ಹೆಸರನ್ನೇ ಅಳಿಸುವ ಕಾಗದಕ್ಕೆ ಮತ ಕೇಳುವುದು ಯಾವ ಪ್ರಧಾನಿಗೂ ಸುಲಭವಿರಲಿಲ್ಲ. 1954ರ ಆಗಸ್ಟ್ 30ರಂದು ಫ್ರೆಂಚ್ ಸಂಸತ್ತು ಒಪ್ಪಂದವನ್ನು ಚರ್ಚಿಸುವುದೇ ಬೇಡವೆಂದು 319ಕ್ಕೆ 264 ಮತಗಳಿಂದ ತೀರ್ಮಾನಿಸಿತು. ಎದ್ದು ನಿಲ್ಲಲಾಗದ ಮುದುಕ, ಮಾಜಿ ಪ್ರಧಾನಿ ಎಡ್ವರ್ಡ್ ಎರಿಯೊ ಕುಳಿತಲ್ಲಿಂದಲೇ ಅದರ ವಿರುದ್ಧ ಮಾತಾಡಿದರು. ಡಿಗಾಲ್ ಅನುಯಾಯಿಗಳೂ ಕಮ್ಯುನಿಸ್ಟರೂ ಒಟ್ಟಾಗಿ ರಾಷ್ಟ್ರಗೀತೆ ಹಾಡಿದರು.

ಅಂದು ಬೇಡವೆಂದವರನ್ನು ಸಂಕುಚಿತರೆಂದು ತಳ್ಳಿಹಾಕುವ ಬರಹಗಳನ್ನು ಬಹಳ ಓದಿದ್ದೇನೆ, ನನಗೆ ಹಾಗೆನಿಸುವುದಿಲ್ಲ. ತನ್ನ ಮಗನನ್ನು ಸಾಯಲು ಕಳಿಸುವ ಆಜ್ಞೆ ಯಾರ ಬಾಯಿಂದ ಬರುತ್ತದೆ, ಆ ಬಾಯಿಯನ್ನು ಮುಂದಿನ ಚುನಾವಣೆಯಲ್ಲಿ ಮುಚ್ಚಿಸುವ ಅಧಿಕಾರ ತನಗಿದೆಯೇ ಎಂದು ಒಬ್ಬ ತಾಯಿ ಕೇಳಿದರೆ ಆ ಒಪ್ಪಂದದಲ್ಲಿ ಉತ್ತರವಿರಲಿಲ್ಲ. ಒಂಬತ್ತು ಜನರ ಮಂಡಳಿಯನ್ನು ಯಾವ ಮತದಾರನೂ ಆರಿಸಿರಲಿಲ್ಲ, ಚುನಾಯಿತ ಛಾವಣಿ ಇನ್ನೂ ಕನಸಿನಲ್ಲಿತ್ತು. ಯುದ್ಧ ಬಂದರೆ ಇಡೀ ಸೈನ್ಯ ನ್ಯಾಟೊದ ಅಮೆರಿಕನ್ ದಂಡನಾಯಕನ ಕೈಗೆ ಹೋಗುವುದಿತ್ತು. ಆಜ್ಞೆ ಒಂದಾದರೆ ಅದಕ್ಕೆ ಹೊಣೆಗಾರಿಕೆಯೂ ಒಂದಾಗಬೇಕು ಎಂಬ ಕಷ್ಟದ ಸತ್ಯ ಅಂದು ಎದುರಾಯಿತು, ಯುರೋಪ್ ಅದರ ಮುಖ ನೋಡದೆ ಬೇರೆ ದಾರಿ ಹಿಡಿಯಿತು.

ಬೇರೆ ದಾರಿ ಬಹುಬೇಗ ಸಿಕ್ಕಿತು. ಬ್ರಿಟನ್ನಿನ ವಿದೇಶಾಂಗ ಕಾರ್ಯದರ್ಶಿ ಆಂಥೊನಿ ಈಡನ್ ಓಡಾಡಿದರು. ತಮ್ಮ ನಾಲ್ಕು ಡಿವಿಷನ್‌ಗಳನ್ನು ಯುರೋಪಿನ ನೆಲದಲ್ಲಿಡುವ ಮಾತು ಕೊಟ್ಟರು. ಅಣು, ಜೈವಿಕ, ರಾಸಾಯನಿಕ ಅಸ್ತ್ರಗಳನ್ನು ತಯಾರಿಸುವುದಿಲ್ಲವೆಂದು ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನೌವರ್ ಒಪ್ಪಿಕೊಂಡರು. 1955ರ ಮೇ ತಿಂಗಳಲ್ಲಿ ಪಶ್ಚಿಮ ಜರ್ಮನಿ ನೇರವಾಗಿ ನ್ಯಾಟೊ ಸೇರಿತು. ಬೇಲಿ ಕಾಯುವ ಕೆಲಸ ಅಮೆರಿಕದ ಪಾಲಿಗೆ ಹೋಯಿತು, ಯುರೋಪ್ ಒಳಗೆ ಉಳುಮೆಗಿಳಿಯಿತು. 1957ರ ರೋಮ್ ಒಪ್ಪಂದ, ಒಂದೇ ಮಾರುಕಟ್ಟೆ, ಒಂದೇ ನಾಣ್ಯ, ಗಡಿಯಿಲ್ಲದ ಪ್ರಯಾಣ ಇವೆಲ್ಲ ಆ ಉಳುಮೆಯ ಫಲ. ಅಷ್ಟು ಕಾಲ ಕಾದಾಡಿದ ಜನ ಹೀಗೆ ಬಾಳಿದ್ದನ್ನು ನಾನು ಮನುಷ್ಯಕುಲದ ದೊಡ್ಡ ಸಾಧನೆಗಳ ಸಾಲಿನಲ್ಲೇ ಇಡುತ್ತೇನೆ. ಆದರೆ ಆ ಏಕತೆ ಹೊರಗಿನವನೊಬ್ಬನ ಆಜ್ಞೆಯ ನೆರಳಿನಲ್ಲಿ ಬೆಳೆದದ್ದು ಎಂಬುದನ್ನೂ ಮರೆಯುವಂತಿಲ್ಲ.

ನೆರಳು ಎಲ್ಲ ಕಾಲಕ್ಕೂ ಒಂದೇ ಥರ ಇರಲಿಲ್ಲ. ಅದರ ಪಾಠ ಮೊದಲು ಸಿಕ್ಕಿದ್ದು ಸೈಪ್ರಸ್ಸಿನಲ್ಲಿ, ಅಲ್ಲಿ ನಮ್ಮ ಕೊಡಗಿನ ಮಗನೊಬ್ಬನಿದ್ದ. 1963ರ ಕೊನೆಗೆ ದ್ವೀಪದ ಗ್ರೀಕರೂ ತುರ್ಕರೂ ಕಾದಾಟಕ್ಕಿಳಿದರು. ಗ್ರೀಸ್, ಟರ್ಕಿ ಎರಡೂ 1952ರಿಂದ ನ್ಯಾಟೊ ಸದಸ್ಯರು. 1964ರ ಜೂನ್‌ನಲ್ಲಿ ಟರ್ಕಿ ಸೈನ್ಯ ಇಳಿಸಲು ಹೊರಟಾಗ ಅಮೆರಿಕದ ಅಧ್ಯಕ್ಷ ಜಾನ್ಸನ್ ಟರ್ಕಿಯ ಪ್ರಧಾನಿ ಇಸ್ಮೆತ್ ಇನೊನುಗೆ ಒಂದು ಪತ್ರ ಬರೆದ. ಈ ನಡೆಯಿಂದ ಸೋವಿಯತ್ ರಷ್ಯಾ ಮಧ್ಯೆ ಬಂದರೆ ನಿಮ್ಮನ್ನು ಕಾಯುವ ಹೊಣೆ ನಮಗಿದೆಯೇ ಎಂಬುದನ್ನು ಮಿತ್ರರು ಇನ್ನೂ ಯೋಚಿಸಿಲ್ಲ ಎಂಬುದು ಅದರ ತಿರುಳು. ಟರ್ಕಿಯ ಎರಡು ತಲೆಮಾರುಗಳು ಆ ಪತ್ರವನ್ನು ಮರೆಯಲಿಲ್ಲ. 5ನೇ ವಿಧಿ ಷರತ್ತಿಲ್ಲದ ವರವಲ್ಲ ಎಂದು ಅಮೆರಿಕದ ಅಧ್ಯಕ್ಷನೇ ಬರೆದುಕೊಟ್ಟಂತಾಯಿತು.

ಜುಲೈನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕತ್ವ ವಹಿಸಿಕೊಂಡವರು ಜನರಲ್ ಕೆ.ಎಸ್. ತಿಮ್ಮಯ್ಯ. ಮಡಿಕೇರಿಯಲ್ಲಿ ಹುಟ್ಟಿ, ಕೊರಿಯದಲ್ಲಿ ಯುದ್ಧಕೈದಿಗಳ ವಾಪಸಾತಿ ಆಯೋಗ ನಡೆಸಿ, ನಮ್ಮ ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾಗಿದ್ದವರು. ಆಗಸ್ಟಿನಲ್ಲಿ ಟರ್ಕಿಯ ವಿಮಾನಗಳು ದ್ವೀಪದ ಮೇಲೆ ಬಾಂಬು ಹಾಕಿದಾಗ ನಡುವೆ ನಿಂತಿದ್ದು ಅವರ ಪಡೆ. 1965ರ ಡಿಸೆಂಬರ್ 18ರಂದು ಅವರು ಅಲ್ಲೇ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಇಬ್ಬರು ಮಿತ್ರರ ಜಗಳವನ್ನು ಅವರ ಕೂಟ ಬಿಡಿಸಲಾಗದೆ, ಯಾವ ಕೂಟಕ್ಕೂ ಸೇರದ ದೇಶದ ಸೇನಾನಿ ಹೋಗಿ ನಿಲ್ಲಬೇಕಾಯಿತು ಎಂಬುದು ನನಗೆ ಬಹು ಮುಖ್ಯವಾಗಿ ಕಾಣುತ್ತದೆ.

ಆ ಗಾಯ ಇವತ್ತಿಗೂ ಯುರೋಪಿನ ಕೈಕಟ್ಟಿದೆ. 1974ರಲ್ಲಿ ಟರ್ಕಿ ದ್ವೀಪದ ಉತ್ತರ ಭಾಗವನ್ನು ಹಿಡಿಯಿತು. 2004ರಲ್ಲಿ ಸೈಪ್ರಸ್ ಐರೋಪ್ಯ ಒಕ್ಕೂಟ ಸೇರಿತು, ಆದರೆ ನ್ಯಾಟೊದಲ್ಲಿಲ್ಲ. ಟರ್ಕಿ ನ್ಯಾಟೊದಲ್ಲಿದೆ, ಒಕ್ಕೂಟದಲ್ಲಿಲ್ಲ. ನ್ಯಾಟೊದಲ್ಲಿ ಟರ್ಕಿ ಬಾಗಿಲು ಹಾಕುತ್ತದೆ, ಒಕ್ಕೂಟದಲ್ಲಿ ಸೈಪ್ರಸ್ ಬಾಗಿಲು ಹಾಕುತ್ತದೆ. ಒಕ್ಕೂಟದ 27 ದೇಶಗಳಲ್ಲಿ 23 ದೇಶಗಳು ನ್ಯಾಟೊದಲ್ಲೂ ಇವೆ. ಆದರೂ ಬ್ರಸೆಲ್ಸ್ ಎಂಬ ಒಂದೇ ಊರಿನಲ್ಲಿರುವ ಈ ಎರಡು ಸಂಸ್ಥೆಗಳು ಗುಪ್ತ ಕಾಗದಗಳನ್ನು ಸಲೀಸಾಗಿ ಹಂಚಿಕೊಳ್ಳಲಾರವು.

ಮಿತ್ರನೇ ಮಿತ್ರನ ನೆಲದ ಮೇಲೆ ಕಣ್ಣಿಟ್ಟರೆ ಏನು ಮಾಡಬೇಕೆಂದು ನ್ಯಾಟೊ ಒಪ್ಪಂದದಲ್ಲಿ ಬರೆದಿಲ್ಲ. 2025ರ ಜನವರಿಯಲ್ಲಿ, ಅಧಿಕಾರ ವಹಿಸುವ ಮೊದಲೇ, ಡೊನಾಲ್ಡ್ ಟ್ರಂಪ್ ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲ್ಯಾಂಡ್ ಪಡೆಯಲು ಸೇನಾಬಲ ಬಳಸುವುದಿಲ್ಲ ಎಂದು ಹೇಳಲು ನಿರಾಕರಿಸಿದಾಗ ಆ ಖಾಲಿ ಜಾಗ ಎಲ್ಲರಿಗೂ ಕಂಡಿತು. 1951ರ ಒಪ್ಪಂದದಂತೆ ಅಮೆರಿಕಕ್ಕೆ ಅಲ್ಲಿ ನೆಲೆ ಹೂಡುವ ಹಕ್ಕು ಆಗಲೇ ಇದೆ. ಅಫ್ಘಾನಿಸ್ತಾನದಲ್ಲಿ ಅಮೆರಿಕದ ಜೊತೆ ನಿಂತು 40ಕ್ಕೂ ಹೆಚ್ಚು ಡೆನ್ಮಾರ್ಕ್ ಸೈನಿಕರು ಸತ್ತಿದ್ದಾರೆ. 5ನೇ ವಿಧಿಯನ್ನು ಇದುವರೆಗೆ ಒಮ್ಮೆ ಮಾತ್ರ ಎತ್ತಲಾಗಿದೆ, 2001ರ ಸೆಪ್ಟೆಂಬರ್ 11ರ ದಾಳಿಯಾದ ಮರುದಿನ, ಅಮೆರಿಕದ ಪರವಾಗಿ. ಆ ಚಳಿಗಾಲದಲ್ಲಿ ನ್ಯಾಟೊದ ಕಣ್ಗಾವಲು ವಿಮಾನಗಳು ಅಟ್ಲಾಂಟಿಕ್ ದಾಟಿ ಹೋಗಿ ಅಮೆರಿಕದ ಆಕಾಶ ಕಾದವು. ಈ ಋಣದ ಲೆಕ್ಕವನ್ನು ಯಾರೂ ಓದದೆ ಹೋದರೆ ಡೆನ್ಮಾರ್ಕಿನ ಜನಕ್ಕೆ ನೋವಾಗುವುದು ಸಹಜ. ಆ ನೋವು ನ್ಯಾಯವಾದದ್ದು.

ಈಗ ಹಣದ ಮಾತು. ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಪತ್ರಿಕೆಗಳು ಇದೊಂದನ್ನೇ ಬರೆಯುತ್ತವೆ. 2014ರಲ್ಲಿ ವೇಲ್ಸ್ ಸಭೆ ಒಟ್ಟು ದೇಶೀಯ ಉತ್ಪನ್ನದ ಶೇ 2ರಷ್ಟು ರಕ್ಷಣೆಗೆ ಎಂದಿತು. 2025ರ ಜೂನ್‌ನಲ್ಲಿ ಹೇಗ್ ಸಭೆ 2035ರ ಹೊತ್ತಿಗೆ ಶೇ 5 ಎಂದಿತು, ಸ್ಪೇನ್ ಅಪಸ್ವರ ಎತ್ತಿತು. ಶಸ್ತ್ರ ಖರೀದಿಗೆಂದು 150 ಬಿಲಿಯನ್ ಯೂರೊ ಸಾಲ ಕೊಡಲು ಐರೋಪ್ಯ ಒಕ್ಕೂಟ ಮುಂದಾಗಿದೆ. ಜರ್ಮನಿ ರಕ್ಷಣಾ ವೆಚ್ಚಕ್ಕಾಗಿ ಸಂವಿಧಾನದ ಸಾಲಮಿತಿಯನ್ನೇ ಸಡಿಲಿಸಿತು. ಹಣ ಬರುತ್ತಿದೆ. ಅದನ್ನು ಒಂದೇ ಕಡೆ ಸುರಿಯುವ ಕೈ ಮಾತ್ರ ಇಲ್ಲ. ಮುಂದಿನ ಯುದ್ಧವಿಮಾನಕ್ಕಾಗಿ ಫ್ರಾನ್ಸ್, ಜರ್ಮನಿ, ಸ್ಪೇನ್ ಒಂದು ಯೋಜನೆ ಹಿಡಿದು ಜಗಳವಾಡುತ್ತಿವೆ. ಬ್ರಿಟನ್, ಇಟಲಿ ಜಪಾನಿನ ಜೊತೆ ಇನ್ನೊಂದನ್ನು ಹಿಡಿದಿವೆ. ರಷ್ಯಾದ ಭಯ ಹೆಚ್ಚಿರುವ ಪೋಲೆಂಡ್ ಅಮೆರಿಕ ಮತ್ತು ದಕ್ಷಿಣ ಕೊರಿಯದ ಟ್ಯಾಂಕುಗಳನ್ನು ಕೊಳ್ಳುತ್ತಿದೆ.

2025ರ ಮಾರ್ಚಿನ ಒಂದು ವಾರ ನನಗೆ ಈ ಅಂಕಿಗಳಿಗಿಂತ ಹೆಚ್ಚು ತಿಳಿಸಿತು. ಅಮೆರಿಕ ಉಕ್ರೇನಿಗೆ ಕೊಡುತ್ತಿದ್ದ ಶಸ್ತ್ರಗಳನ್ನೂ ಗುಪ್ತಚರ ಮಾಹಿತಿಯನ್ನೂ ಆ ವಾರ ತಡೆಹಿಡಿಯಿತು. ಉಪಗ್ರಹಗಳು, ಆಕಾಶದಲ್ಲೇ ಇಂಧನ ತುಂಬುವ ವಿಮಾನಗಳು, ದೂರದ ಸಾಗಣೆ, ಕ್ಷಿಪಣಿ ಬರುವ ಮುನ್ನೆಚ್ಚರಿಕೆ ಇವುಗಳಲ್ಲಿ ಯುರೋಪ್ ಎಷ್ಟು ಪರಾಧೀನವೆಂಬುದು ಬಯಲಾಯಿತು. ಕಾಂಗ್ರೆಸ್ಸಿನ ಒಪ್ಪಿಗೆಯಿಲ್ಲದೆ ಅಧ್ಯಕ್ಷ ನ್ಯಾಟೊ ಬಿಡುವಂತಿಲ್ಲ ಎಂದು ಅಮೆರಿಕ 2023ರಲ್ಲೇ ಕಾನೂನು ಮಾಡಿದೆ, ನಿಜ. ಆದರೆ ನ್ಯಾಟೊ ಬಿಡಲು ಯಾರೂ ಅರ್ಜಿ ಹಾಕಬೇಕಾಗಿಲ್ಲ, ಆಜ್ಞೆ ಕೊಡಬೇಕಾದ ಹೊತ್ತಿಗೆ ಸುಮ್ಮನಿದ್ದರೆ ಸಾಕು. 5ನೇ ವಿಧಿಯ ಸಡಿಲ ವಾಕ್ಯ ಅದಕ್ಕೆ ಅಡ್ಡಿ ಮಾಡುವುದಿಲ್ಲ.

ಯುರೋಪಿಗೆ ತನ್ನದೇ ವಿಧಿಯೂ ಇದೆ. ಲಿಸ್ಬನ್ ಒಪ್ಪಂದದ ನಂತರ ಒಕ್ಕೂಟದ 42ನೇ ವಿಧಿಯ 7ನೇ ಖಂಡ, ತಮ್ಮ ಶಕ್ತಿಯಲ್ಲಿರುವ ಎಲ್ಲ ರೀತಿಯಲ್ಲೂ ನೆರವಾಗುವುದು ಸದಸ್ಯರ ಕರ್ತವ್ಯ ಎನ್ನುತ್ತದೆ. ಬ್ರಸೆಲ್ಸಿನ ಹಳೆಯ ಬಿಗಿ ಭಾಷೆಯೇ ಮರಳಿ ಬಂದಿದೆ. 2015ರ ನವೆಂಬರಿನ ಪ್ಯಾರಿಸ್ ದಾಳಿಯ ನಂತರ ಫ್ರಾನ್ಸ್ ಅದನ್ನು ಎತ್ತಿತು. ಆದರೆ ಆ ಖಂಡದ ಹಿಂದೆ ನ್ಯಾಟೊದಂಥ ಸೇನಾ ಕಚೇರಿಯಿಲ್ಲ. ವಿದೇಶ ಮತ್ತು ರಕ್ಷಣೆಯ ನಿರ್ಧಾರಗಳಿಗೆ ಇಪ್ಪತ್ತೇಳೂ ದೇಶಗಳು ಒಪ್ಪಬೇಕು. ಉಕ್ರೇನ್ ವಿಷಯದಲ್ಲಿ ಹಂಗೇರಿ ಒಂದೇ ಎಷ್ಟು ಸಲ ಎಲ್ಲರನ್ನೂ ತಡೆದು ನಿಲ್ಲಿಸಿದೆ ಎಂಬುದನ್ನು ಕಂಡಿದ್ದೇವೆ.

ಅಣ್ವಸ್ತ್ರದ ವಿಷಯಕ್ಕೆ ಬಂದರೆ ಆಜ್ಞೆಯ ಪ್ರಶ್ನೆ ಬೆತ್ತಲಾಗಿ ನಿಲ್ಲುತ್ತದೆ. ಫ್ರಾನ್ಸಿನ ಅಧ್ಯಕ್ಷ ಡಿಗಾಲ್ 1966ರಲ್ಲಿ ನ್ಯಾಟೊದ ಜಂಟಿ ಸೇನಾ ವ್ಯವಸ್ಥೆಯಿಂದ ಹೊರಬಂದ, ಅದರ ಸರ್ವೋಚ್ಚ ಕಚೇರಿ ಪ್ಯಾರಿಸ್ ಬಳಿಯಿಂದ ಬೆಲ್ಜಿಯಂನ ಮೊನ್ಸ್‌ಗೆ ಹೋಯಿತು, ಫ್ರಾನ್ಸ್ ಮರಳಿ ಸೇರಿದ್ದು 2009ರಲ್ಲಿ. ಪ್ಯಾರಿಸ್ಸಿಗಾಗಿ ಅಮೆರಿಕ ನ್ಯೂಯಾರ್ಕನ್ನು ಪಣಕ್ಕೊಡ್ಡುವುದೇ ಎಂಬ ಅವನ ಸಂದೇಹವನ್ನು ಅಂದು ಅಹಂಕಾರವೆಂದವರು ಈಗ ಮರುಪರಿಶೀಲಿಸುತ್ತಿದ್ದಾರೆ. ಫ್ರಾನ್ಸಿನಲ್ಲಿ ಸುಮಾರು 290, ಬ್ರಿಟನ್ನಿನಲ್ಲಿ ಸುಮಾರು 225 ಅಣು ಸಿಡಿತಲೆಗಳಿವೆ. ಬ್ರಿಟನ್ನಿನ ಟ್ರೈಡೆಂಟ್ ಕ್ಷಿಪಣಿಗಳು ಮಾತ್ರ ಅಮೆರಿಕದವು. ಎರಡೂ ದೇಶಗಳು 2025ರ ಜುಲೈನಲ್ಲಿ ತಮ್ಮ ಅಣುಬಲಗಳನ್ನು ಹೊಂದಾಣಿಕೆಯಿಂದ ಬಳಸಬಹುದೆಂದು ಘೋಷಿಸಿದವು. ಫ್ರಾನ್ಸಿನ ಮ್ಯಾಕ್ರನ್ ತಮ್ಮ ಅಣುರಕ್ಷೆಯನ್ನು ಯುರೋಪಿನ ಇತರರಿಗೂ ಚಾಚುವ ಚರ್ಚೆ ಆರಂಭಿಸಿದರು, ಆದರೆ ಗುಂಡಿ ಒತ್ತುವ ನಿರ್ಧಾರ ಫ್ರಾನ್ಸಿನ ಅಧ್ಯಕ್ಷನದೇ ಎಂದೂ ಹೇಳಿದರು. ವಿಲ್ನಿಯಸ್ಸಿಗಾಗಿ ಪ್ಯಾರಿಸ್ಸನ್ನು ಪಣಕ್ಕೊಡ್ಡುತ್ತೀರಾ ಎಂದು ಲಿಥುವೇನಿಯದವರು ಈಗ ಅದೇ ಪ್ರಶ್ನೆ ಕೇಳಿದರೆ ತಪ್ಪೇನು?

ಹಾಗಾದರೆ ಮುಂದೇನು? ಹೊಸದೊಂದು ಐರೋಪ್ಯ ಸೈನ್ಯವನ್ನು ಬರಿಗೈಯಿಂದ ಕಟ್ಟಬೇಕೆಂಬ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ. ಎಪ್ಪತ್ತು ವರ್ಷ ಪಳಗಿದ ಮೊನ್ಸ್‌ನ ಕಚೇರಿ, ಅದರ ಭಾಷೆ, ನಕ್ಷೆ, ಅಭ್ಯಾಸ ಎಲ್ಲ ಇವೆ. ಅದರೊಳಗೆ ಯುರೋಪಿನ ಅಧಿಕಾರಿಗಳು ಹಂತಹಂತವಾಗಿ ಮೇಲೇರಿ, ಸರ್ವೋಚ್ಚ ದಂಡನಾಯಕನ ಕುರ್ಚಿಯವರೆಗೂ ಹೋಗಬೇಕು. ಅಮೆರಿಕ ಇದ್ದರೆ ಸಂತೋಷ, ಇಲ್ಲದಿದ್ದರೂ ಕಚೇರಿ ನಡೆಯಬೇಕು. 2023ರಲ್ಲಿ ಸೇರಿದ ಫಿನ್‌ಲ್ಯಾಂಡ್, 2024ರಲ್ಲಿ ಸೇರಿದ ಸ್ವೀಡನ್ ಈ ಕೆಲಸಕ್ಕೆ ಗಟ್ಟಿ ಹೆಗಲು ಕೊಡಬಲ್ಲವು. ನಾರ್ವೆ, ಬ್ರಿಟನ್, ಟರ್ಕಿ ಒಕ್ಕೂಟದಲ್ಲಿಲ್ಲದಿದ್ದರೂ ಈ ದಾರಿಯಲ್ಲಿ ಹೊರಗುಳಿಯುವುದಿಲ್ಲ.

ಇದು ಸಾಧ್ಯವೆಂದು ನಂಬಲು ನನಗೊಂದು ಆಧಾರವಿದೆ. ನೆದರ್ಲೆಂಡ್ಸ್ ಭೂಸೇನೆಯ ಮೂರೂ ಯುದ್ಧ ಬ್ರಿಗೇಡ್‌ಗಳು ಈಗ ಜರ್ಮನ್ ಡಿವಿಷನ್‌ಗಳ ಒಳಗಿವೆ. ಮೂರನೆಯದು 2023ರಲ್ಲಿ ಸೇರಿತು. ರಾಟರ್‌ಡ್ಯಾಮ್ ನಗರವನ್ನು 1940ರ ಮೇ 14ರಂದು ಜರ್ಮನ್ ಬಾಂಬುಗಳು ಸುಟ್ಟದ್ದು ನೆನಪಿರುವ ಜನ ಅಲ್ಲಿ ಇನ್ನೂ ಬದುಕಿದ್ದಾರೆ. ಜರ್ಮನಿಯ ಲೋಹೈಡೆಯಲ್ಲಿರುವ 414ನೇ ಟ್ಯಾಂಕ್ ಬೆಟಾಲಿಯನ್‌ನಲ್ಲಿ ಎರಡೂ ದೇಶಗಳ ಸೈನಿಕರು ಒಟ್ಟಿಗಿದ್ದಾರೆ. ಆ್ಯನ್ ಫ್ರಾಂಕ್ ಕೊನೆಯುಸಿರೆಳೆದ ಬರ್ಗೆನ್-ಬೆಲ್ಸೆನ್ ಅಲ್ಲೇ ಪಕ್ಕದಲ್ಲಿದೆ. ಡಚ್ಚರು ಇದನ್ನು ಒತ್ತಾಯಕ್ಕೆ ಮಾಡಲಿಲ್ಲ. ಖರ್ಚು ಉಳಿಸಲು ತಮ್ಮ ಟ್ಯಾಂಕುಗಳನ್ನು ಮಾರಿಕೊಂಡ ಮೇಲೆ ಕಸುಬು ಮರೆತುಹೋಗಬಾರದೆಂದು ನೆರೆಯವರ ಟ್ಯಾಂಕ್ ಹತ್ತಿದರು, ಮೆಲ್ಲಗೆ ವಿಶ್ವಾಸ ಬೆಳೆಯಿತು. 1952ರ ಒಪ್ಪಂದ ಮೇಲಿನಿಂದ ಹೇರಲು ಹೋಗಿ ಸೋತದ್ದು ಇಲ್ಲಿ ಕೆಳಗಿನಿಂದ ಆಗುತ್ತಿದೆ.

ಜರ್ಮನಿಯೇ ಲಿಥುವೇನಿಯದಲ್ಲಿ ಸುಮಾರು 5,000 ಜನರ ಬ್ರಿಗೇಡನ್ನು ಕಾಯಂ ಆಗಿ ನೆಲೆಗೊಳಿಸುತ್ತಿದೆ. 2025ರ ಮೇ ತಿಂಗಳಲ್ಲಿ ವಿಲ್ನಿಯಸ್ಸಿನಲ್ಲಿ ಅದರ ಉದ್ಘಾಟನೆಯಾಯಿತು, 2027ರ ಕೊನೆಗೆ ಪೂರ್ಣಗೊಳ್ಳಬೇಕು. 1950ರ ದಶಕದಲ್ಲಿ ಅಮೆರಿಕದ ಸೈನಿಕರು ಜರ್ಮನಿಗೆ ಏನಾಗಿದ್ದರೋ ಅದನ್ನು ಈಗ ಜರ್ಮನ್ ಸೈನಿಕರು ಲಿಥುವೇನಿಯಕ್ಕೆ ಆಗಲು ಹೊರಟಿದ್ದಾರೆ, ಹೆಂಡತಿ ಮಕ್ಕಳೊಡನೆ. ನಾನು ಹಣದ ಶೇಕಡಾವಾರನ್ನು ನೋಡುವುದಕ್ಕಿಂತ ಹೆಚ್ಚು ಆಸೆಯಿಂದ ಈ ಬ್ರಿಗೇಡನ್ನು ನೋಡುತ್ತಿದ್ದೇನೆ.

ಆದರೂ 1954ರ ಆ ತಾಯಿಯ ಪ್ರಶ್ನೆಗೆ ಉತ್ತರ ಬಾಕಿಯಿದೆ. ಡಚ್ ಬ್ರಿಗೇಡ್ ಜರ್ಮನ್ ಡಿವಿಷನ್‌ನಲ್ಲಿದ್ದರೂ ಅದನ್ನು ಯುದ್ಧಕ್ಕೆ ಕಳಿಸುವ ಅಧಿಕಾರ ಹೇಗ್‌ನಲ್ಲೇ ಉಳಿದಿದೆ, ಜರ್ಮನ್ ಸೈನಿಕರ ಮಾತು ಬರ್ಲಿನ್ನಿನದು. ಹೇಗ್ ಒಪ್ಪಿ ಬರ್ಲಿನ್ ಹಿಂದೇಟು ಹಾಕಿದರೆ, ಅಥವಾ ಬರ್ಲಿನ್ ಒಪ್ಪಿ ಹೇಗ್ ತಡಮಾಡಿದರೆ, ಲೋಹೈಡೆಯ ಬೆಟಾಲಿಯನ್ ಅರ್ಧಕ್ಕೆ ಸೀಳಿಹೋಗುತ್ತದೆ. ಸೈನಿಕರು ಒಟ್ಟಿಗೆ ಟ್ಯಾಂಕ್ ಹತ್ತಿದ್ದಾರೆ, ಅವರನ್ನು ಕಳಿಸಬೇಕಾದ ಜನಪ್ರತಿನಿಧಿಗಳು ಇನ್ನೂ ಒಟ್ಟಿಗೆ ಕುಳಿತಿಲ್ಲ. ಎರಡು ಸಂಸತ್ತುಗಳ ರಕ್ಷಣಾ ಸಮಿತಿಗಳು ಒಂದೇ ಕೋಣೆಯಲ್ಲಿ, ಒಂದೇ ಕಡತದ ಮುಂದೆ, ಬಿಕ್ಕಟ್ಟು ಬರುವ ಮೊದಲೇ ಕೂತು ಯಾವ ಸಂದರ್ಭದಲ್ಲಿ ಏನು ಎಂದು ನಿಶ್ಚಯಿಸುವ ಏರ್ಪಾಟು ಬೇಕು. ಅದು ಮೊದಲು ಎರಡು ದೇಶಗಳಲ್ಲಿ ಆಗಲಿ, ಆಮೇಲೆ ಲಿಥುವೇನಿಯ ಸೇರಲಿ, ಪೋಲೆಂಡ್ ಸೇರಲಿ. ಇದಕ್ಕೆ ಯಾವ ದೊಡ್ಡ ಒಪ್ಪಂದವೂ, ಅಮೆರಿಕದ ಅನುಮತಿಯೂ ಬೇಕಾಗಿಲ್ಲ. 2027ಕ್ಕೆ ಬ್ರಿಗೇಡ್ ಪೂರ್ಣಗೊಳ್ಳುವುದರೊಳಗೆ ಅದು ಶುರುವಾಗಬೇಕು.